ತೆರೆಯ ಕಥೆಗೆ ಪುಸ್ತಕದ ತಿದ್ದುಪಡಿ

ಕನ್ನಡ ಚಲನಚಿತ್ರಗಳ ಹಾಡಿನ ಪುಸ್ತಕವನ್ನು ಇಂದಿನ ವಿದ್ಯಾರ್ಥಿಗಳು ಬಹುಶಃ ಕಂಡಿರಲಾರರು. ಅವರ ಅಜ್ಜ ಅಜ್ಜಿಯರು ಕಂಡಿದ್ದಾರೆ. ಚಿತ್ರಮಂದಿರದ ಬಾಗಿಲಲ್ಲಿ ಕೆಲವೇ ಕಾಸಿಗೆ ದೊರೆಯುತ್ತಿದ್ದ, ತೆಳುವಾದ ಕಾಗದದ, ನಾಲ್ಕಾರು ಹಾಳೆಗಳ ಪುಸ್ತಿಕೆ ಅದು. ನಟನಟಿಯರ ಹೆಸರುಗಳು, ಹಾಡುಗಳು, ಇವುಗಳೊಡನೆ ಚಿಕ್ಕದೊಂದು ಕಥಾಸಾರಾಂಶ. ಕಥೆ ಸರಸರನೆ ಸಾಗಿ, ನಾಯಕನು ಸಂಕಟದ ತುತ್ತತುದಿಗೆ ಬಂದು ನಿಂತೊಡನೆಯೇ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಬರೆದಾತನು ಲೇಖನಿಯನ್ನು ಕೆಳಗಿಟ್ಟುಬಿಡುತ್ತಿದ್ದನು. ಮತ್ತೆ ಚಿತ್ರಮಂದಿರಕ್ಕೆ ಹೋಗಲು ಹಣವಿಲ್ಲದ ಹುಡುಗರು ಆ ಪುಸ್ತಿಕೆಯನ್ನೇ ಮತ್ತೆ ಮತ್ತೆ ಓದಿ ಚಿತ್ರವನ್ನು ಕಣ್ಣಮುಂದೆ ಕಟ್ಟಿಕೊಳ್ಳುತ್ತಿದ್ದರು.

ಈ ಸಾರಾಂಶವನ್ನು ಇನ್ನೂರು ಪುಟಗಳಿಗೆ ಹಿಗ್ಗಿಸಿ, ಮುಕ್ತಾಯವನ್ನೂ ಬಚ್ಚಿಡದೆ ಹೇಳಿ, ಹೊದಿಕೆಯ ಮೇಲೆ ಚಿತ್ರದ ನಾಯಕನ ಮುಖವನ್ನು ಅಚ್ಚುಹಾಕಿದರೆ ದೊರೆಯುವ ವಸ್ತುವಿಗೆ ಪಾಶ್ಚಾತ್ಯರ ಪುಸ್ತಕ ವ್ಯಾಪಾರದಲ್ಲಿ 'ಟೈ-ಇನ್' ಎಂದು ಹೆಸರು. ನಾವು ಇದನ್ನು ಅನುಬಂಧ ಕಾದಂಬರಿ ಎನ್ನೋಣ. ಚಲನಚಿತ್ರವೋ ದೂರದರ್ಶನದ ಧಾರಾವಾಹಿಯೋ ಮೊದಲು ಹುಟ್ಟುತ್ತದೆ. ಅದರ ಒಡೆಯರ ಅನುಮತಿಯನ್ನು ಪಡೆದು, ಅವೇ ಪಾತ್ರಗಳನ್ನಿಟ್ಟುಕೊಂಡು, ಲೇಖಕನೊಬ್ಬನು ಸಂಭಾವನೆಗೆ ಪುಸ್ತಕವನ್ನು ಬರೆದುಕೊಡುತ್ತಾನೆ. ನಮ್ಮ ನಾಡಿನಲ್ಲಿ ವಾಡಿಕೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದುದು: ಇಲ್ಲಿ ಕಾದಂಬರಿ ಮೊದಲು, ಚಿತ್ರ ಅನಂತರ. ತ. ರಾ. ಸುಬ್ಬರಾಯರ ಕಾದಂಬರಿಗಳಿಂದ ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ಚಿತ್ರವನ್ನು ತೆಗೆದಾಗ ಅದು ಲೇಖಕರಿಗೆ ಒಪ್ಪಿಗೆಯಾಗಲಿಲ್ಲವೆಂಬ ಸಂಗತಿ ಇಂದಿಗೂ ಮಾತಿಗೆ ಬರುತ್ತದೆ. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಬಾಳಿದ ಆರ್. ಕೆ. ನಾರಾಯಣರ 'ದಿ ಗೈಡ್' ೧೯೫೮ರಲ್ಲಿ ಪ್ರಕಟವಾಗಿ ೧೯೬೫ರಲ್ಲಿ ಹಿಂದಿ ಚಿತ್ರವಾದಾಗ, ಮಾಲ್ಗುಡಿಯು ರಾಜಸ್ಥಾನಕ್ಕೆ ವಲಸೆ ಹೋದುದನ್ನು ಕಂಡು ನಾರಾಯಣರು ಒಂದು ಕಟಕಿಯ ಪ್ರಬಂಧವನ್ನೇ ಬರೆದರು. ಹೀಗೆ ನಮ್ಮ ಓದುಗರ ದೂರೆಲ್ಲ ಚಿತ್ರವು ಪುಸ್ತಕಕ್ಕೆ ದ್ರೋಹ ಮಾಡಿತೆಂಬುದು. ಅನುಬಂಧ ಕಾದಂಬರಿಯ ಅಭಿಮಾನಿಗಳ ದೂರು ತಲೆಕೆಳಗಾದುದು: ಪುಸ್ತಕವು ಚಿತ್ರಕ್ಕೆ ದ್ರೋಹ ಮಾಡಿತು!

ವೈಜ್ಞಾನಿಕ ಕಥೆಗಳ ವಿಷಯದಲ್ಲಿ ಈ ದೂರಿಗೆ ಇನ್ನೊಂದು ಮುಖವುಂಟು. ಅಲ್ಲಿ ಲೇಖಕನ ತಲೆಯ ಮೇಲೆ ಎರಡು ಋಣಗಳಿರುತ್ತವೆ. ತೆರೆಯ ಮೇಲೆ ಕಂಡುದನ್ನು ಕದಲಿಸಬಾರದೆಂಬುದು ಒಂದು. ನಿಸರ್ಗದ ನಿಯಮಗಳನ್ನು ಮುರಿಯಬಾರದೆಂಬುದು ಇನ್ನೊಂದು. ನಮ್ಮ ರಾಜಶೇಖರ ಭೂಸನೂರಮಠರಂತೆ ಸ್ವತಂತ್ರವಾಗಿ ವಿಜ್ಞಾನದ ಕಥೆ ಬರೆದವರಿಗೆ ಎರಡನೆಯ ಋಣವೊಂದೇ. ಅನುಬಂಧದ ಲೇಖಕನಿಗಾದರೋ ಎರಡೂ ಇವೆ. ಚಿತ್ರ ತೆಗೆದವರಿಗೆ ಭೌತವಿಜ್ಞಾನ ತಿಳಿಯದಿದ್ದರೆ ಎರಡೂ ಏಕಕಾಲದಲ್ಲಿ ತೀರುವಂತಿಲ್ಲ. ಆಗ ಅವನು ಯಾವ ಸಾಲವನ್ನು ಮೊದಲು ತೀರಿಸುತ್ತಾನೆ? ಪುಸ್ತಕ ಒಳ್ಳೆಯದೋ ಕೆಟ್ಟದೋ ಎಂದು ಅಭಿಮಾನಿಗಳು ನಡೆಸುವ ವಾದದ ತಿರುಳು ಬಹುಪಾಲು ಇದೇ ಎಂದು ನಮ್ಮ ಎಣಿಕೆ. ನಮ್ಮ ತರಗತಿಗಳಲ್ಲಿಯೂ ಇಂಥ ಪುಸ್ತಕಗಳನ್ನು ಹಳೆಯ ಪುಸ್ತಕದಂಗಡಿಗಳಿಂದ ತಂದು ಓದುವ ಹುಡುಗರಿದ್ದಾರೆ. ಹಿರಿಯರು ಅವನ್ನು ದುಡ್ಡಿಗಾಗಿ ಹೊಸೆದ ಸರಕೆಂದು ತಳ್ಳಿಹಾಕುವುದನ್ನು ಕೇಳಿದ್ದೇವೆ. ದುಡ್ಡಿಗಾಗಿ ಬರೆದುದೆಂಬುದು ನಿಜವೇ. ತಳ್ಳಿಹಾಕುವ ಮೊದಲು ಕೆಲವನ್ನಾದರೂ ಲೆಕ್ಕಕ್ಕೆ ಹಚ್ಚಿ ನೋಡಬೇಕು.

ಅಭಿಮಾನಿಗಳ ಅಳತೆಗೋಲು ಕಾಲಕ್ಕೆ ತಕ್ಕಂತೆ ಬದಲಾಗಿದೆಯೆಂಬುದನ್ನು ಮೊದಲೇ ಹೇಳಿಬಿಡೋಣ. ಬ್ರಿಟನ್ನಿನ ಬಿ.ಬಿ.ಸಿ.ಯು ೧೯೬೩ರಲ್ಲಿ 'ಡಾಕ್ಟರ್ ಹೂ' ಎಂಬ ಧಾರಾವಾಹಿಯನ್ನು ಆರಂಭಿಸಿತು. ಆ ದಿನಗಳಲ್ಲಿ ಪ್ರಸಾರವಾದ ಕಂತನ್ನು ಮರಳಿ ನೋಡುವ ಉಪಾಯ ಮನೆಗಳಲ್ಲಿರಲಿಲ್ಲ. ಅನೇಕ ಕಂತುಗಳ ಮುದ್ರಿಕೆಗಳನ್ನು ಸಂಸ್ಥೆಯೇ ಅಳಿಸಿಹಾಕಿತು. ೧೯೭೩ರಿಂದ 'ಟಾರ್ಗೆಟ್' ಮಾಲೆಯಲ್ಲಿ ಈ ಕಥೆಗಳು ಪುಸ್ತಕರೂಪದಲ್ಲಿ ಬಂದವು. ಟೆರೆನ್ಸ್ ಡಿಕ್ಸ್ ಎಂಬವರೊಬ್ಬರೇ ಅರವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಕಂಡುದನ್ನು ಕಂಡಂತೆ ಹೇಳುವ ಸರಳ ಗದ್ಯ ಅವರದು. ಆಗಿನ ಓದುಗರಿಗೆ ಅದೇ ಗುಣವಾಗಿತ್ತು, ನಮ್ಮ ಹಾಡಿನ ಪುಸ್ತಕದಂತೆ. ಚಿತ್ರಮುದ್ರಿಕೆಗಳು ಮನೆಮನೆಗೆ ಬಂದ ಮೇಲೆ ಅದೇ ಗುಣವು ದೋಷವೆನಿಸಿತು. ಕಂಡುದನ್ನೇ ಹೇಳಲು ಪುಸ್ತಕವೇಕೆ, ತೆರೆಯಲ್ಲಿಲ್ಲದ ಏನನ್ನು ಕೊಟ್ಟೆ ಎಂದು ಓದುಗನು ಕೇಳತೊಡಗಿದನು.

ಈ ಹೊಸ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗೆ ತಮಾಷೆಯೆನಿಸುವಂಥದು 'ಸ್ಟಾರ್ ವಾರ್ಸ್' ಚಿತ್ರದ ಒಂದು ಮಾತಿಗೆ ಸಂಬಂಧಿಸಿದುದು. ೧೯೭೭ರ ಆ ಚಿತ್ರದಲ್ಲಿ ಹಾನ್ ಸೋಲೋ ಎಂಬ ನಾವಿಕನು ತನ್ನ ಹಡಗಿನ ವೇಗವನ್ನು ಹೊಗಳಿಕೊಳ್ಳುತ್ತ, ಕೆಸೆಲ್ ಎಂಬಲ್ಲಿಯ ಹಾದಿಯನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಮೆಯಲ್ಲಿ ಮುಗಿಸಿದೆನೆನ್ನುತ್ತಾನೆ. ಪಾರ್ಸೆಕ್ ಎಂಬುದು ಕಾಲದ ಮಾನವಲ್ಲ, ದೂರದ ಮಾನ. ಭೂಮಿಯ ಕಕ್ಷೆಯ ತ್ರಿಜ್ಯವು ಎಷ್ಟು ದೂರದಿಂದ ನೋಡಿದರೆ ಒಂದು ಸೆಕೆಂಡು ಕೋನದಷ್ಟಾಗಿ ತೋರುವುದೋ ಅಷ್ಟು ದೂರವೇ ಒಂದು ಪಾರ್ಸೆಕ್, ಅಂದರೆ ೩.೨೬ ಜ್ಯೋತಿರ್ವರ್ಷ, ಸುಮಾರು ೩೧ ಲಕ್ಷ ಕೋಟಿ ಕಿಲೋಮೀಟರು. ಸೋಲೋನ ಮಾತು, ನಾಲ್ಕು ಮೈಲಿಯೊಳಗೆ ಊಟ ಮುಗಿಸಿದೆನೆಂಬಂತಾಯಿತು.

ಈ ಚಿತ್ರದ ಅನುಬಂಧ ಕಾದಂಬರಿ ಚಿತ್ರಕ್ಕಿಂತ ಮೊದಲೇ, ೧೯೭೬ರ ಕೊನೆಯಲ್ಲಿ, ಹೊರಬಂದಿತ್ತು. ಹೊದಿಕೆಯ ಮೇಲೆ ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರ ಹೆಸರಿದ್ದರೂ ಅದನ್ನು ಬರೆದವರು ಆಲನ್ ಡೀನ್ ಫಾಸ್ಟರ್. ಫಾಸ್ಟರ್ ಅವರ ಪುಸ್ತಕದಲ್ಲಿ ಸೋಲೋ ಪಾರ್ಸೆಕ್ ಎನ್ನುವುದಿಲ್ಲ. ಆ ಸ್ಥಳದಲ್ಲಿ ಕಾಲವನ್ನು ಸೂಚಿಸುವ ಕಲ್ಪಿತ ಮಾನವೊಂದಿದೆ. ತಪ್ಪನ್ನು ಒರೆಸಿ ಸರಿಯಾದುದನ್ನು ಬರೆದರು, ಅಷ್ಟೆ. ಅಧ್ಯಾಪಕರಾದ ನಮಗೆ ಇದು ಪೂರ್ಣಾಂಕಕ್ಕೆ ಅರ್ಹವಾದ ಉತ್ತರ. ಅಭಿಮಾನಿಗಳಲ್ಲಿ ಬಹುಮಂದಿಗೆ ಅದು ರುಚಿಸಲಿಲ್ಲ. ತೆರೆಯ ಮೇಲೆ ನಾಯಕನು ನುಡಿದುದು ನುಡಿದುದೇ. ಆ ಮಾತು ನಿಜವಾಗುವಂತೆ ಜಗತ್ತನ್ನೇ ಹೊಂದಿಸಬೇಕು! ಹಾಗೆ ಹೊಂದಿಸಿದ ಪುಸ್ತಕಗಳೂ ಬಂದವು. ಕೆಸೆಲ್‌ನ ಪಕ್ಕದಲ್ಲಿ ಕಪ್ಪು ಕುಳಿಗಳ ಗುಂಪೊಂದಿದೆಯೆಂದೂ, ನಿಧಾನದ ಹಡಗುಗಳು ಅವುಗಳಿಂದ ದೂರ ಸುತ್ತಿ ಹೋಗಬೇಕೆಂದೂ, ಅತಿವೇಗದ ಹಡಗು ಮಾತ್ರ ಸೆಳೆತಕ್ಕೆ ಸಿಕ್ಕದೆ ಸಮೀಪದಿಂದಲೇ ಹಾಯಬಲ್ಲುದೆಂದೂ, ಆದ್ದರಿಂದ ಹಾದಿಯ ಉದ್ದ ಕಡಮೆಯಾದಷ್ಟೂ ಹಡಗಿನ ವೇಗ ಹೆಚ್ಚೆಂದೂ ಸಮಾಧಾನ ಹೇಳಲಾಯಿತು. ಎ. ಸಿ. ಕ್ರಿಸ್ಪಿನ್ ಅವರ ೧೯೯೮ರ 'ರೆಬೆಲ್ ಡಾನ್' ಕಾದಂಬರಿಯಲ್ಲಿ ಸೋಲೋ ಹೀಗೆ ಹಾದಿಯನ್ನು ಮೊಟಕು ಮಾಡುತ್ತಾನೆ. ೨೦೧೮ರ 'ಸೋಲೋ' ಚಿತ್ರವೂ ಹೆಚ್ಚುಕಡಮೆ ಇಂಥದೇ ಅಡ್ಡದಾರಿಯನ್ನು ಹಿಡಿಯಿತು.

ಇದನ್ನು ಓದಿದಾಗ ನಮಗೆ ನೆನಪಾಗುವುದು ಹಳೆಯ ಖಗೋಳಶಾಸ್ತ್ರ. ಗ್ರಹಗಳು ಹಿಂದುಮುಂದಾಗಿ ಚಲಿಸುವಂತೆ ಕಾಣುವುದು ಆಗ ಕಣ್ಣಿಗೆ ಕಂಡ ಸಂಗತಿ. ಅದನ್ನು ಉಳಿಸಿಕೊಳ್ಳಲು ಟಾಲೆಮಿ ವೃತ್ತದ ಮೇಲೆ ವೃತ್ತವನ್ನು ಹೂಡಿದನು. ಅಭಿಮಾನಿಗೆ ತೆರೆಯೇ ಆಕಾಶ. ಅಲ್ಲಿ ಕಂಡುದೆಲ್ಲ ವೀಕ್ಷಣೆ, ಪುಸ್ತಕವು ಅದನ್ನು ವಿವರಿಸುವ ಸಿದ್ಧಾಂತ. ಈ ಆಟದಲ್ಲಿ ಬುದ್ಧಿಗೆ ಒಳ್ಳೆಯ ಕಸರತ್ತಿದೆಯೆಂಬುದನ್ನು ಒಪ್ಪಬೇಕು. ಆದರೆ ಆಕಾಶವು ತಪ್ಪು ನುಡಿಯುವುದಿಲ್ಲ, ಚಿತ್ರಕಥೆ ಬರೆಯುವವನು ನುಡಿಯುತ್ತಾನೆ. ಆದುದರಿಂದ ಫಾಸ್ಟರ್ ಅವರ ತಿದ್ದುಪಡಿಯೇ ನೇರವಾದುದೆಂದು ನಾವು ಹೇಳುವೆವು. ಕ್ರಿಸ್ಪಿನ್ ಅವರ ಸಮಾಧಾನ ಹೆಚ್ಚು ಚತುರವಾದುದು. ಇಷ್ಟೆಲ್ಲ ಹೆಣೆದ ಮೇಲೂ ಸಿದ್ಧಾಂತದ ಗತಿಯನ್ನು ನಿರ್ಧರಿಸುವವರು ಒಡೆಯರೇ: ೨೦೧೪ರಲ್ಲಿ ಲ್ಯೂಕಸ್‌ಫಿಲ್ಮ್ ಸಂಸ್ಥೆಯು ಅದುವರೆಗಿನ ಅನುಬಂಧ ಕಾದಂಬರಿಗಳನ್ನು 'ದಂತಕಥೆಗಳು' ಎಂಬ ಹೆಸರಿನಡಿ ಸರಿಸಿ, ಮುಂದಿನ ಚಿತ್ರಗಳು ಅವಕ್ಕೆ ಬದ್ಧವಲ್ಲವೆಂದು ಸಾರಿತು. ಹಾಗೆ ಸರಿದವುಗಳಲ್ಲಿ ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಟಿಮೊಥಿ ಜಾನ್ ಅವರ ೧೯೯೧ರ 'ಏರ್ ಟು ದಿ ಎಂಪೈರ್' ಕೂಡ ಸೇರಿತ್ತು. ಅಭಿಮಾನಿಗಳಲ್ಲಿ ಅನೇಕರು ಅತ್ಯುತ್ತಮವೆಂದು ಎಣಿಸುವ ಪುಸ್ತಕ ಅದು. ಅವರ ಅಳಲು ನಮಗೆ ಅರ್ಥವಾಗುತ್ತದೆ.

'ಸ್ಟಾರ್ ಟ್ರೆಕ್' ಧಾರಾವಾಹಿಯ ಕಥೆ ಬೇರೆ. ೧೯೬೬ರಿಂದ ೧೯೬೯ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಇದರ ಕಂತುಗಳನ್ನು ಜೇಮ್ಸ್ ಬ್ಲಿಷ್ ಅವರು ೧೯೬೭ರಿಂದ ಸಣ್ಣಕಥೆಗಳಾಗಿ ಬರೆದರು. ಅವರ ಕೈಗೆ ಬಂದುದು ಅನೇಕ ವೇಳೆ ಆರಂಭದ ಕರಡುಗಳಾದುದರಿಂದ ಕಥೆಗೂ ತೆರೆಗೂ ವ್ಯತ್ಯಾಸಗಳುಳಿದವು. ಅದೇ ೧೯೬೭ರಲ್ಲಿ ಅಭಿಮಾನಿಗಳು ತಾವೇ ಪ್ರತಿಮಾಡಿ ಹಂಚುವ 'ಸ್ಪಾಕನೇಲಿಯಾ' ಎಂಬ ಪತ್ರಿಕೆ ಹುಟ್ಟಿತ್ತು. ಸ್ಪಾಕ್ ಎಂಬ ಪಾತ್ರದ ನಡೆನುಡಿಗಳನ್ನು ಅವರು ನಮ್ಮ ಪಂಡಿತರು ಪಂಪನ ಪಾಠಾಂತರಗಳನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಪರಿಶೀಲಿಸುತ್ತಿದ್ದರು. ಇಂಥವರ ಮುಂದೆ ಬ್ಲಿಷ್ ೧೯೭೦ರಲ್ಲಿ 'ಸ್ಪಾಕ್ ಮಸ್ಟ್ ಡೈ!' ಎಂಬ ಸ್ವತಂತ್ರ ಕಾದಂಬರಿಯನ್ನಿಟ್ಟರು. ಯಂತ್ರವೊಂದರ ದೋಷದಿಂದ ಸ್ಪಾಕ್ ಇಬ್ಬರಾಗುತ್ತಾನೆ. ಇಬ್ಬರಲ್ಲಿ ಒಬ್ಬನು ನಕಲು, ಯಾರೆಂಬುದೇ ಸಮಸ್ಯೆ.

ಬ್ಲಿಷ್ ಜೀವವಿಜ್ಞಾನ ಓದಿದವರು. ಅವರು ಹೂಡಿದ ಪರಿಹಾರ ಇದು: ನಕಲು ಸ್ಪಾಕನು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿದವನು, ಅಣು ಅಣುವಿನ ಮಟ್ಟದಲ್ಲಿಯೂ. ೧೮೪೮ರಲ್ಲಿ ಲೂಯಿ ಪಾಶ್ಚರನು ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಚಿಮಟದಿಂದ ಆರಿಸಿ ಎಡ ಬಲ ಎಂದು ಬೇರ್ಪಡಿಸಿದುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು, ಎಡಬಲಗಳ ಭೇದವೇ ಇಲ್ಲದ ಗ್ಲೈಸೀನನ್ನು ಬಿಟ್ಟರೆ, ಎಡಗೈಯ ಜಾತಿಯವು. ಬಲಗೈಯ ಕೈಚೀಲಕ್ಕೆ ಎಡಗೈ ಹೊಂದದಂತೆ, ಬಿಂಬಮಾನವನ ಕಿಣ್ವಗಳಿಗೆ ನಮ್ಮ ಅನ್ನದ ಪ್ರೋಟೀನು ಹೊಂದದು; ತಟ್ಟೆಯ ತುಂಬ ಊಟವಿದ್ದರೂ ಅವನು ಸೊರಗಬೇಕು. ಆದುದರಿಂದ ನಕಲು ಸ್ಪಾಕನು ಪ್ರಯೋಗಶಾಲೆಯಲ್ಲಿ ಬಾಗಿಲು ಭದ್ರಪಡಿಸಿಕೊಂಡು ತನಗೆ ಬೇಕಾದ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತಾನೆ. ತೆರೆಯ ಮೇಲೆ ತೋರಿಸಲಾಗದ, ಪುಟದ ಮೇಲೆ ಮಾತ್ರ ಹೇಳಬಲ್ಲ ಸಂಗತಿಯಿದು. ಇಷ್ಟಾದರೂ ಅಭಿಮಾನಿಗಳ ತೀರ್ಪು ಇಬ್ಭಾಗವಾಯಿತು. ವಿಜ್ಞಾನ ಚೆನ್ನಾಗಿದೆ, ಆದರೆ ಇವರು ನಮ್ಮ ಕರ್ಕನೂ ಅಲ್ಲ, ನಮ್ಮ ಸ್ಪಾಕನೂ ಅಲ್ಲ, ಹೀಗೆ ಅವರು ಮಾತನಾಡುವವರಲ್ಲ ಎಂಬುದು ದೂರು. ಈ ದೂರಿನಲ್ಲಿ ಹುರುಳಿದೆ. ಪಾತ್ರದ ದನಿಯೂ ಒಂದು ಬಗೆಯ ದತ್ತಾಂಶವೇ; ಅದನ್ನು ಕಡೆಗಣಿಸಿದ ಪುಸ್ತಕಕ್ಕೆ ಬೇರೆ ಹೆಸರುಗಳನ್ನಿಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಇನ್ನು ಎರಡು ಋಣಗಳ ಜಗ್ಗಾಟವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಪುಸ್ತಕಕ್ಕೆ ಬರೋಣ. ೧೯೬೬ರಲ್ಲಿ ರಿಚರ್ಡ್ ಫ್ಲೈಷರ್ ನಿರ್ದೇಶಿಸಿದ 'ಫೆಂಟಾಸ್ಟಿಕ್ ವಾಯೇಜ್' ಎಂಬ ಚಿತ್ರ ತೆರೆಕಂಡಿತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಜ್ಞೆ ತಪ್ಪಿದ ವಿಜ್ಞಾನಿಯೊಬ್ಬನನ್ನು ಉಳಿಸಲು, ಒಂದು ಜಲಾಂತರ್ಗಾಮಿಯನ್ನು ಅದರೊಳಗಿನ ಜನರ ಸಹಿತ ಸೂಕ್ಷ್ಮಜೀವಿಯಷ್ಟಕ್ಕೆ ಕುಗ್ಗಿಸಿ, ಸೂಜಿಯಿಂದ ಅವನ ರಕ್ತನಾಳಕ್ಕೆ ಹೊಗಿಸುತ್ತಾರೆ. ಅವಧಿ ಅರುವತ್ತು ನಿಮಿಷ. ಅದು ತೀರಿತೆಂದರೆ ಎಲ್ಲವೂ ಮೊದಲಿನ ಗಾತ್ರಕ್ಕೆ ಹಿಗ್ಗತೊಡಗುತ್ತದೆ. ಇದರ ಅನುಬಂಧ ಕಾದಂಬರಿಯನ್ನು ಬರೆದವರು ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಐಸಾಕ್ ಆಸಿಮೊವ್. ಅವರು ಶೀಘ್ರವಾಗಿ ಬರೆದುಮುಗಿಸಿದರು, ಚಿತ್ರ ನಿಧಾನವಾಯಿತು. ಪುಸ್ತಕವೇ ಕೆಲವು ತಿಂಗಳು ಮೊದಲು ಅಂಗಡಿಗೆ ಬಂದುದರಿಂದ, ಚಿತ್ರವು ಆ ಕಾದಂಬರಿಯನ್ನು ಆಧರಿಸಿದ್ದೆಂದು ಇಂದಿಗೂ ನಂಬಿರುವವರುಂಟು.

ಮನುಷ್ಯನನ್ನು ಕುಗ್ಗಿಸುವುದೆಂದರೇನು? ಲೆಕ್ಕದ ಸೌಕರ್ಯಕ್ಕೆ ಉದ್ದವು ಹತ್ತು ಲಕ್ಷದಲ್ಲೊಂದು ಪಾಲಾಯಿತೆಂದು ಇಟ್ಟುಕೊಳ್ಳೋಣ. ೧.೭ ಮೀಟರಿನ ಆಳು ಈಗ ೧.೭ ಮೈಕ್ರೋಮೀಟರು. ಏಳೆಂಟು ಮೈಕ್ರೋಮೀಟರಿನ ಕೆಂಪು ರಕ್ತಕಣವು ಅವನೆದುರಿಗೆ ಎರಡಂತಸ್ತಿನ ಮನೆಯಷ್ಟು ಅಗಲವಾಗಿ ತೇಲುತ್ತದೆ. ಉದ್ದ ಇಷ್ಟು ಇಳಿದರೆ ಘನಗಾತ್ರವು ಆ ಪಾಲಿನ ಘನದಷ್ಟು, ಎಂದರೆ ೧ರ ಮುಂದೆ ೧೮ ಸೊನ್ನೆಗಳ ಭಾಜಕದಷ್ಟು, ಇಳಿಯುತ್ತದೆ. ದ್ರವ್ಯರಾಶಿ ಇಳಿಯದಿದ್ದರೆ ಅವನ ದೇಹದ ಒಂದು ಘನ ಸೆಂಟಿಮೀಟರು ಲಕ್ಷ ಕೋಟಿ ಟನ್ನು ತೂಗಬೇಕಾಗುತ್ತದೆ. ಪರಮಾಣುವಿನ ಬೀಜದ ಸಾಂದ್ರತೆಗಿಂತ ಇದು ಸುಮಾರು ನಾಲ್ಕು ಸಾವಿರ ಪಾಲು ಹೆಚ್ಚು! ರೋಗಿಯ ನಾಳವನ್ನೂ ಮಂಚವನ್ನೂ ನೆಲವನ್ನೂ ತೂತು ಮಾಡಿಕೊಂಡು ಹಡಗು ಕೆಳಗಿಳಿದುಹೋಗುತ್ತಿತ್ತು. ಆದುದರಿಂದ ದ್ರವ್ಯರಾಶಿಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಪರಮಾಣುಗಳನ್ನು ಒತ್ತಿ ಸಾಲದು, ಕೆಲವನ್ನು ತೆಗೆದುಹಾಕಿಯೂ ಆಗದು (ಮಿದುಳಿನಿಂದ ಯಾವುದನ್ನು ತೆಗೆಯುವುದು?), ಪ್ರತಿಯೊಂದು ಪರಮಾಣುವೂ ತಾನೇ ಕಿರಿದಾಗಬೇಕು.

ಹಾಗೆ ಕಿರಿದಾದರೆ ಉಸಿರಾಟದ ಗತಿಯೇನು? ನಮ್ಮ ಶ್ವಾಸಕೋಶದ ಗಾಳಿಗೂಡುಗಳು ಸುಮಾರು ೦.೨ ಮಿಲಿಮೀಟರಿನವು. ಕುಗ್ಗಿದವನಲ್ಲಿ ಅವು ೦.೨ ನ್ಯಾನೋಮೀಟರು. ಹೊರಗಿನ ಆಮ್ಲಜನಕದ ಅಣುವೇ ಸುಮಾರು ೦.೩ ನ್ಯಾನೋಮೀಟರು, ಗಾಳಿಗೂಡಿಗಿಂತ ಗಾಳಿಯ ಅಣು ದೊಡ್ಡದು! ಚಿತ್ರದಲ್ಲಿ ಹಡಗಿನ ಗಾಳಿ ಸೋರಿಹೋದಾಗ ಅವರು ರೋಗಿಯ ಶ್ವಾಸಕೋಶಕ್ಕೆ ಕೊಳವೆ ಚುಚ್ಚಿ ಗಾಳಿ ತುಂಬಿಕೊಂಡುಬಿಡುತ್ತಾರೆ. ಆಸಿಮೊವ್ ಇಲ್ಲಿ ಎರಡು ಋಣಗಳನ್ನೂ ತೀರಿಸುವ ಉಪಾಯ ಮಾಡಿದರು: ಒಳಬರುವ ಗಾಳಿಯನ್ನು ಕುಗ್ಗಿಸುವ ಯಂತ್ರವೊಂದನ್ನು ಹಡಗಿನಲ್ಲಿಯೇ ಇಟ್ಟರು. ದೃಶ್ಯ ಉಳಿಯಿತು, ಅಣುವೂ ಒಳಹೊಕ್ಕಿತು.

ಎಲ್ಲವನ್ನೂ ಹೀಗೆ ಉಳಿಸುವುದು ಯಾರಿಂದಲೂ ಆಗದು. ಬೆಳಕಿನ ತರಂಗದೂರ ಸುಮಾರು ಅರ್ಧ ಮೈಕ್ರೋಮೀಟರು. ಕುಗ್ಗಿದವನ ಅಳತೆಯಲ್ಲಿ ಅದು ಅರ್ಧ ಮೀಟರು, ಎಂದರೆ ಒಂದು ಮೊಳಕ್ಕೂ ಮಿಗಿಲು. ಮೂರು ಮಿಲಿಮೀಟರಿನ ಕಣ್ಣಿನ ಪಾಪೆಯಿಂದ ಮೊಳದುದ್ದದ ಅಲೆಯನ್ನು ಹಿಡಿದು ಬಿಂಬ ಮೂಡಿಸುವುದು ಅಸಾಧ್ಯ. ಚಿತ್ರದ ವೈಭವವೆಲ್ಲ ಕಿಟಕಿಯಾಚೆಯ ನೋಟ. ನಿಜದಲ್ಲಿ ಅವರು ಕುರುಡರು. ಈಜುವ ಮಾತೂ ಹಾಗೆಯೇ. ಅಷ್ಟು ಸಣ್ಣ ವಸ್ತುವಿಗೆ ನೀರು ಜೇನಿಗಿಂತಲೂ ಗಟ್ಟಿ, ಜಡತ್ವಕ್ಕೆ ಬೆಲೆಯೇ ಇಲ್ಲ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ ೧೯೭೭ರ ತಮ್ಮ ಪ್ರಸಿದ್ಧ ಉಪನ್ಯಾಸ ಲೇಖನದಲ್ಲಿ ಗುಣಿಸಿ ತೋರಿಸಿದಂತೆ, ಈಜುತ್ತಿರುವ ಬ್ಯಾಕ್ಟೀರಿಯವು ಕೈಕಾಲಾಡಿಸುವುದನ್ನು ನಿಲ್ಲಿಸಿದರೆ ಪರಮಾಣುವಿನ ವ್ಯಾಸದ ಹತ್ತನೆಯ ಒಂದು ಪಾಲಿನಷ್ಟು ದೂರದಲ್ಲಿಯೇ ನಿಂತುಬಿಡುತ್ತದೆ. (ಬ್ಯಾಕ್ಟೀರಿಯಕ್ಕೆ ಕೈಕಾಲುಗಳಿಲ್ಲ, ಇರುವುದು ಬಾಲದಂಥ ಎಳೆ.) ಚಿತ್ರದ ನಾಯಕನು ಸೊಗಸಾಗಿ ತೇಲಿ ಬರುವುದು ಸಮುದ್ರದಲ್ಲಿ ಮಾತ್ರ ಸಾಧ್ಯ.

ಇವನ್ನೆಲ್ಲ ಅಭಿಮಾನಿಗಳು ಕ್ಷಮಿಸಿದ್ದಾರೆ, ನಾವೂ ಕ್ಷಮಿಸೋಣ. ಕ್ಷಮೆಗೆ ಒಳಪಡದುದು ಚಿತ್ರದ ಮುಕ್ತಾಯ. ಅಲ್ಲಿ ಬಿಳಿ ರಕ್ತಕಣವೊಂದು ಹಡಗನ್ನು ನುಂಗುತ್ತದೆ, ಉಳಿದವರು ಕಣ್ಣೀರಿನ ಹಾದಿಯಿಂದ ಹೊರಬಂದು ಹಿಗ್ಗುತ್ತಾರೆ, ಎಲ್ಲರೂ ಸಂತೋಷಪಡುತ್ತಾರೆ. ಹಡಗು? ಅದು ರೋಗಿಯ ತಲೆಯೊಳಗೇ ಉಳಿಯಿತು! ನುಂಗಿದ ಮಾತ್ರಕ್ಕೆ ಪರಮಾಣುಗಳು ಇಲ್ಲವಾಗುವುದಿಲ್ಲ. ಪುಡಿಯಾದರೂ ಜೀರ್ಣವಾದರೂ ಪ್ರತಿಯೊಂದು ಪರಮಾಣುವೂ ಗಡುವು ಮುಗಿದ ಕೂಡಲೇ ಹಿಗ್ಗಿ, ಟನ್ನುಗಟ್ಟಲೆ ಲೋಹವು ಮಿದುಳಿನ ನಡುವೆ ಪ್ರತ್ಯಕ್ಷವಾಗಬೇಕು. ಚಿತ್ರವನ್ನು ನೋಡುತ್ತಿದ್ದ ತಮ್ಮ ಪುಟ್ಟ ಮಗಳೇ, ಈಗ ಹಡಗು ದೊಡ್ಡದಾಗುವುದಿಲ್ಲವೇ ಎಂದು ಕೇಳಿದಳೆಂದು ಆಸಿಮೊವ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾದಂಬರಿಯಲ್ಲಿ ಅವರು ಮೊದಲೇ ಇದನ್ನು ಸರಿಪಡಿಸಿದ್ದರು. ಹಡಗನ್ನು ನುಂಗಿದ ಬಿಳಿಕಣವನ್ನೇ ಮರುಳುಗೊಳಿಸಿ ಬೆನ್ನಟ್ಟಿಸಿಕೊಂಡು, ಅದರ ಸಹಿತ ಎಲ್ಲರೂ ಕಣ್ಣಿನಿಂದ ಹೊರಬೀಳುತ್ತಾರೆ. ಇಲ್ಲಿ ಅವರು ತೆರೆಯ ಋಣವನ್ನು ಮುರಿದು ನಿಸರ್ಗದ ಋಣವನ್ನು ತೀರಿಸಿದರು. ಪಾರ್ಸೆಕ್ ವಿಷಯದಲ್ಲಿ ತಿದ್ದುಪಡಿಯನ್ನು ಒಪ್ಪದ ಅದೇ ಜಾತಿಯ ಓದುಗರು ಈ ತಿದ್ದುಪಡಿಯನ್ನು ಮೆಚ್ಚಿ ಇಂದಿಗೂ ಉದಾಹರಿಸುತ್ತಾರೆ. ಕಾರಣ ಸರಳವಾದುದು: ಇಲ್ಲಿ ಮುರಿದಿದ್ದುದು ನಮ್ಮ ಜಗತ್ತಿನ ನಿಯಮವಷ್ಟೇ ಅಲ್ಲ, ಕಥೆಯು ತಾನೇ ಹಾಕಿಕೊಂಡ ಅರುವತ್ತು ನಿಮಿಷದ ನಿಯಮ. ತನ್ನ ಮಾತಿಗೆ ತಾನೇ ತಪ್ಪಿದ ಚಿತ್ರವನ್ನು ಪುಸ್ತಕವು ಮಾತಿಗೆ ನಿಲ್ಲಿಸಿತು. ಹಡಗಿನೊಡನೆ ಸೂಜಿಯಲ್ಲಿ ಒಳಹೊಕ್ಕ, ಕುಗ್ಗಿಸಿದ ನೀರಿನ ಗತಿಯೇನೆಂದು ಕೇಳುವ ಇನ್ನೂ ಕಟ್ಟುನಿಟ್ಟಿನ ಅಭಿಮಾನಿಗಳಿದ್ದಾರೆ. ಅವರನ್ನು ನಮ್ಮ ತರಗತಿಗೆ ಸೇರಿಸಿಕೊಳ್ಳಲು ನಾವು ಸಿದ್ಧ.

ಆಸಿಮೊವ್ ಅವರಿಗೆ ಮಾತ್ರ ತೃಪ್ತಿಯಾಗಲಿಲ್ಲ. ಅದು ಪೂರ್ಣವಾಗಿ ತಮ್ಮದಲ್ಲವೆಂಬ ಭಾವ ಅವರಿಗೆ ಉಳಿದಿತ್ತು. ೧೯೮೭ರಲ್ಲಿ ಅದೇ ವಸ್ತುವನ್ನು ಚಿತ್ರದ ಹಂಗಿಲ್ಲದೆ, ಹೊಸ ಪಾತ್ರಗಳೊಡನೆ, ಸೋವಿಯೆತ್ ದೇಶದಲ್ಲಿ ನಡೆಯುವಂತೆ ಬರೆದರು. 'ಫೆಂಟಾಸ್ಟಿಕ್ ವಾಯೇಜ್' ಎರಡನೆಯದು, 'ಡೆಸ್ಟಿನೇಷನ್ ಬ್ರೇನ್'. ಮೊದಲನೆಯದರ ಓಟ ಇದರಲ್ಲಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ಮಾತು ಹೆಚ್ಚು, ಪ್ರಯಾಣ ತಡ. ನಮಗೂ ಹಾಗೆಯೇ ಕಂಡಿತು. ಆದರೆ ಇದರ ವಿಜ್ಞಾನವನ್ನು ಕಾಗದ ಪೆನ್ಸಿಲು ಹಿಡಿದು ಓದಬೇಕು.

ಪರಮಾಣುವನ್ನು ಕಿರಿದಾಗಿಸುವುದು ಹೇಗೆ? ಪ್ಲಾಂಕ್ ಸ್ಥಿರಾಂಕವನ್ನು ಹಡಗಿನ ಮಟ್ಟಿಗೆ ಕಡಮೆ ಮಾಡುವುದರಿಂದ ಎಂಬುದು ಆಸಿಮೊವ್ ಅವರ ಕಲ್ಪನೆ. ಬೋರ್ ಸೂತ್ರವನ್ನು ನೆನೆಯಿರಿ: ಹೈಡ್ರೊಜನ್ ಪರಮಾಣುವಿನ ತ್ರಿಜ್ಯವು ಪ್ಲಾಂಕ್ ಸ್ಥಿರಾಂಕದ ವರ್ಗಕ್ಕೆ ಅನುಪಾತದಲ್ಲಿಯೂ ಎಲೆಕ್ಟ್ರಾನಿನ ದ್ರವ್ಯರಾಶಿಗೆ ವಿಲೋಮಾನುಪಾತದಲ್ಲಿಯೂ ಇದೆ. ದ್ರವ್ಯರಾಶಿ ೧ರ ಮುಂದೆ ೧೮ ಸೊನ್ನೆಗಳ ಪಾಲು ಇಳಿದು, ತ್ರಿಜ್ಯವು ಹತ್ತು ಲಕ್ಷ ಪಾಲು ಇಳಿಯಬೇಕಾದರೆ, ಪ್ಲಾಂಕ್ ಸ್ಥಿರಾಂಕವು ಲಕ್ಷ ಕೋಟಿಯಲ್ಲೊಂದು ಪಾಲಾಗಬೇಕು. ಎಲೆಕ್ಟ್ರಾನನ್ನು ಬಿಗಿಹಿಡಿದ ಶಕ್ತಿಯು ತ್ರಿಜ್ಯಕ್ಕೆ ವಿಲೋಮವಾದುದರಿಂದ ಹತ್ತು ಲಕ್ಷ ಪಾಲು ಏರುತ್ತದೆ. ಬೆಳಕಿನ ವೇಗವನ್ನು ಮುಟ್ಟದೆ ಹೀಗೆ ಮಾಡಿದರೆ, ಪರಮಾಣುವಿನ ಹಣೆಬರಹವನ್ನು ನಿರ್ಧರಿಸುವ ಸೂಕ್ಷ್ಮರಚನಾ ಸ್ಥಿರಾಂಕ, ಎಂದರೆ ನಮಗೆ ಪರಿಚಿತವಾದ ೧/೧೩೭ ಎಂಬ ಸಂಖ್ಯೆ, ಲಕ್ಷ ಕೋಟಿ ಪಾಲು ಹೆಚ್ಚಿ ಪರಮಾಣುವೇ ನಿಲ್ಲದು. ಬೆಳಕಿನ ವೇಗವನ್ನು ಲಕ್ಷ ಕೋಟಿ ಪಾಲು ಏರಿಸಿದರೆ ಎರಡರ ಗುಣಲಬ್ಧ ಬದಲಾಗದೆ ೧/೧೩೭ ಹಾಗೆಯೇ ಉಳಿಯುತ್ತದೆ. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗಕ್ಕೆ ಗಂಟುಹಾಕುವ ವಿಚಾರ ಈ ಕಾದಂಬರಿಯ ತಿರುಳಿನಲ್ಲಿಯೇ ಇದೆ. ಅದರಿಂದ ಕುಗ್ಗಿಸುವ ಖರ್ಚು ಇಳಿಯುವುದೆಂದು ಅದರ ವಿಜ್ಞಾನಿಗಳ ಆಸೆ.

ಖರ್ಚನ್ನು ನಾವೇ ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ವಸ್ತುವಿನಲ್ಲಿರುವ ಶಕ್ತಿಯು ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದಷ್ಟು: ೯ರ ಮುಂದೆ ೧೬ ಸೊನ್ನೆಗಳಷ್ಟು ಜೂಲುಗಳು. ಬೆಳಕಿನ ವೇಗವನ್ನು ಬದಲಿಸದೆ ದ್ರವ್ಯರಾಶಿಯನ್ನು ಮಾತ್ರ ಇಳಿಸಿದರೆ ಇಷ್ಟೂ ಶಕ್ತಿ ಹೊರಬೀಳುತ್ತದೆ. ಎರಡು ಕೋಟಿ ಟನ್ನು ಸ್ಫೋಟಕಕ್ಕೆ ಸಮ, ಕಿಲೋಗ್ರಾಮಿಗೆ. ವೇಗವನ್ನು ಲಕ್ಷ ಕೋಟಿ ಪಾಲು ಏರಿಸಿದರೆ ಈ ಶಕ್ತಿ ಹತ್ತು ಲಕ್ಷ ಪಾಲು ಹೆಚ್ಚಬೇಕು, ಅದನ್ನು ನಾವು ತುಂಬಬೇಕು. ಇಂದು ಇಡೀ ಮಾನವಕುಲ ವರ್ಷಕ್ಕೆ ಬಳಸುವ ಶಕ್ತಿಯ ಸುಮಾರು ನೂರ ಐವತ್ತು ಪಟ್ಟು, ಅದೂ ಒಂದೇ ಕಿಲೋಗ್ರಾಮಿಗೆ. ಇವೆರಡರ ನಡುವೆ ಖರ್ಚೂ ಇಲ್ಲದ, ಸ್ಫೋಟವೂ ಇಲ್ಲದ ಒಂದು ಬಿಂದುವುಂಟು: ಬೆಳಕಿನ ವೇಗವನ್ನು ನೂರು ಕೋಟಿ ಪಾಲು ಮಾತ್ರ ಏರಿಸಿದರೆ ಲೆಕ್ಕ ಸರಿಯಾಗಿ ಸೊನ್ನೆಗೆ ಬರುತ್ತದೆ. ಆಗ ೧/೧೩೭ ಎಂಬುದು ಸಾವಿರ ಪಾಲು ಹೆಚ್ಚಿ ಏಳರ ಮೇಲಾಗುತ್ತದೆ. ಆ ಸಂಖ್ಯೆ ಒಂದನ್ನು ದಾಟಿದರೆ ಹೈಡ್ರೊಜನ್ ಪರಮಾಣುವೇ ಸ್ಥಿರವಾಗಿ ನಿಲ್ಲದು.